ದೇವರ ಖೋಲಿಯ ಪ್ಲಗ್ಗು

ನಮ್ಮ ಮನೆಯಲ್ಲಿ ನೆಟ್ಟಗಿನ ಪ್ಲಗ್ಗು ಒಂದೇ ಒಂದು. ಅದು ದೇವರ ಖೋಲಿಯಲ್ಲಿದೆ. ಅದರ ಸಲುವಾಗಿ ನಾನು ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳ ಜೊತೆ ಜಗಳ ಆಡಿದೆ. ಆಡಿದ್ದಕ್ಕೆ ಬೇಸರ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದರೊಳಗೆ ಬರೆದಿಡುತ್ತೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಕನ್ನಡ ಸಾಲೆಯಲ್ಲಿ. ಮೊಮ್ಮಗಳು ಮರಾಠಿ ಸಾಲೆ ಕಲಿತವಳು, ಇದನ್ನು ಓದಲಾರಳು. ಓದಬಲ್ಲವರು ಓದಲಿ.

ಪ್ಲಗ್ಗು ಬೇಕಾದದ್ದು ಮೊಮ್ಮಗಳ ಗಾಡಿಗೆ. ಅವಳು ನನ್ನ ಹಿರಿಯ ಮಗನ ಮಗಳು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಎಳೆ ಎಲ್ಲಿ ತಪ್ಪಿದೆ, ಎಣ್ಣೆ ಕಲೆ ಎಲ್ಲಿ ಬಿದ್ದಿದೆ ಎಂದು ನೋಡಿ ಗುರುತು ಹಾಕುವ ಕೆಲಸ. ಕಣ್ಣು ಚುರುಕಿರಬೇಕು. ಕುರಿ ಹಿಂಡಿನಲ್ಲಿ ಕುಂಟುವ ಮರಿಯನ್ನು ದೂರದಿಂದಲೇ ಗುರುತಿಸುವ ಮನೆತನ ನಮ್ಮದು, ಅವಳಿಗೆ ಆ ಕಣ್ಣು ಬಂದಿದೆ. ಮುಂಜಾನೆ ಪಾಳಿ ಬೇಗ ಶುರುವಾಗುತ್ತದೆ. ನಮ್ಮ ಊರು ಕುಂಭಾರಿಯಿಂದ ಮುಂದೆ ಅಕ್ಕಲಕೋಟದ ಕಡೆಗೆ ಬಂದು, ಡಾಂಬರು ಬಿಟ್ಟು ಒಳಗೆ. ಮೊದಲ ಎಸ್‌ಟಿ ಬಸ್ಸು ಫಾಟಾಕ್ಕೆ, ಅಂದರೆ ಊರ ದಾರಿ ಒಡೆಯುವಲ್ಲಿಗೆ, ಬರುವ ಹೊತ್ತಿಗೆ ಅವಳ ಮೇಜಿನ ಮುಂದೆ ಬೇರೆ ಯಾರನ್ನಾದರೂ ನಿಲ್ಲಿಸಿಬಿಟ್ಟಿರುತ್ತಾರೆ. ಅದಕ್ಕೇ ಅವಳು ತನ್ನ ದುಡಿಮೆಯಲ್ಲಿ ಬ್ಯಾಟರಿ ಗಾಡಿ ತಂದಳು. ಸ್ಕೂಟಿ ಅಲ್ಲ, ಮೋಟಾರ್ ಸೈಕಲ್. ನಮ್ಮ ಊರ ದಾರಿಯ ಕಲ್ಲಿಗೆ, ಮಳೆ ಬಂದಾಗಿನ ಕರಿಮಣ್ಣಿಗೆ ಸಣ್ಣ ಗಾಲಿ ನಡೆಯುವುದಿಲ್ಲ. ಹೆಣ್ಣುಹುಡುಗಿ ಗಂಡಸರ ಗಾಡಿ ತಂದಳು ಎಂದು ಊರು ಆಡಿಕೊಂಡಿತು. ಊರಿಗೆ ಬೇರೆ ಉದ್ಯೋಗ ಏನಿದೆ.

ನನಗೂ ಆ ಗಾಡಿ ಮೊದಲಿಗೆ ಸೇರಲಿಲ್ಲ. ಸಪ್ಪಳವೇ ಇಲ್ಲ. ದಾರಿಯಲ್ಲಿ ನಮ್ಮ ಕುರಿ ಅಡ್ಡ ಬಂದರೆ ಸರಿಯುವುದಿಲ್ಲ, ಹಿಂದೆ ಗಾಡಿ ಬಂದದ್ದೇ ಅವಕ್ಕೆ ಗೊತ್ತಾಗುವುದಿಲ್ಲ. ಹಾರ್ನ್ ಹೊಡೆದರೆ ಬೆದರಿ ನಾಲ್ಕು ದಿಕ್ಕಿಗೆ ಓಡುತ್ತವೆ. ಕಡೆಗೆ ಅವಳು ಗಾಡಿ ಮೇಲೆ ಕೂತೇ ನಾಲಿಗೆ ಮಡಿಚಿ ಕುರುಬರ ಸಿಳ್ಳೆ ಹೊಡೆಯುವುದನ್ನು ರೂಢಿ ಮಾಡಿಕೊಂಡಳು. ಅದನ್ನು ಕೇಳಿದರೆ ಹಿಂಡು ತಾನಾಗಿ ಬದಿಗಾಗುತ್ತದೆ. ಆ ಸಿಳ್ಳೆ ಕೇಳಿದ ಮೇಲೆ ನಾನು ಗಾಡಿಯ ಬಗ್ಗೆ ಮಾತಾಡುವುದು ಬಿಟ್ಟೆ.

ಗಾಡಿಯನ್ನು ನೋಡಿಕೊಳ್ಳುವುದನ್ನು ಅವಳಿಂದ ಕಲಿಯಬೇಕು. ಬಿಸಿಲಲ್ಲಿ ಓಡಿ ಬಂದ ಗಾಡಿಗೆ ಕೂಡಲೇ ಚಾರ್ಜು ಹಚ್ಚುವುದಿಲ್ಲ. ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿ, ಬ್ಯಾಟರಿಯ ಮೇಲೆ ಕೈ ಇಟ್ಟು ನೋಡಿ, ತಣ್ಣಗಾದ ಮೇಲೆ ಹಚ್ಚುತ್ತಾಳೆ. ಪೈಪು ಹಿಡಿದು ನೀರು ಹೊಡೆಯುವುದಿಲ್ಲ, ಹಸಿ ಅರಿವೆಯಿಂದ ಒರೆಸುತ್ತಾಳೆ. ಚೈನಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುತ್ತಾಳೆ. ಗಾಲಿಯ ಗಾಳಿಯನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡದೆ ಹೊರಡುವುದಿಲ್ಲ. ಗಾಳಿ ಕಡಿಮೆಯಾದರೆ ಚಾರ್ಜು ಬೇಗ ಇಳಿಯುತ್ತದಂತೆ. ಒಂದು ಸಲ ತುಂಬಿದರೆ ಎರಡು ದಿನ ಹೋಗಿ ಬರುತ್ತದೆ. ಎದುರುಗಾಳಿ ಇದ್ದರೆ ಅದೂ ಕಷ್ಟ.

ಗಾಡಿ ಬಂದ ಹೊಸದರಲ್ಲಿ ಅಡುಗೆ ಮನೆಯ ಪ್ಲಗ್ಗಿಗೆ ಹಚ್ಚಿದ್ದೆವು. ಪ್ಲಗ್ಗು ಕರಗಿ ನಾತ ಹೊಡೆಯಿತು, ಚಾರ್ಜರಿನಲ್ಲಿ ಕೆಂಪು ದೀಪ ಮಿಣುಕಿತು. ವೈರ್‌ಮನ್ ಬಂದು ನೋಡಿ, ಮನೆಗೆ ಅರ್ಥಿಂಗೇ ಇಲ್ಲ ಎಂದ. ವೈರಿಗೂ ನೆಲಕ್ಕೂ ಸಂಬಂಧ ಇರಬೇಕಂತೆ, ಅದೂ ಹಸಿ ನೆಲಕ್ಕೆ. ನಮ್ಮ ಕಡೆ ಹಸಿ ನೆಲ ಎಲ್ಲಿ ಹುಡುಕುತ್ತೀರಿ. ಬಚ್ಚಲ ನೀರು ಹೋಗಿ ನಿಲ್ಲುವುದು ದೇವರ ಖೋಲಿಯ ಹಿಂದೆ. ಅಲ್ಲೇ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಕಬ್ಬಿಣದ ಪೈಪು ಹುಗಿದ. ಮೀಟರೂ ಅದೇ ಬದಿಗೆ. ಹಾಗಾಗಿ ದಪ್ಪ ಪ್ಲಗ್ಗನ್ನು ಆ ಗೋಡೆಗೇ ಕೂಡಿಸಿದ. ಜಾಗ ತೋರಿಸಿದವನು ನನ್ನ ಹಿರಿಯ ಮಗನೇ. ದೇವರ ಪೂಜೆ ಅವನದು. "ಇಲ್ಲೇ ಹಾಕ್ರಿ, ವೈರ್ ಕುರಿ ಕಡಿಯೂದಿಲ್ಲ, ಯಾರೂ ಕೈ ಹಚ್ಚೂದಿಲ್ಲ" ಎಂದ. ಮಗಳ ಗಾಡಿ ಬಂದದ್ದಕ್ಕೆ ಆಗ ಅವನಿಗೆ ಹಿಗ್ಗು. ಕಿಟಕಿಯ ಸರಳಿನಿಂದ ವೈರು ಹೊರಗೆ ತಂದು ಗಾಡಿಗೆ ಹಚ್ಚಿದರು. ಹಸಿರು ದೀಪ ಹತ್ತಿತು. ಎಲ್ಲರಿಗೂ ಖುಷಿ.

ಒಂದು ವಿಷಯ ಯಾರೂ ಯೋಚಿಸಿರಲಿಲ್ಲ. ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳು ದೇವರ ಖೋಲಿಗೆ ಕಾಲಿಡುವಂತಿಲ್ಲ. ಈಗ ಮೊದಲಿನ ಹಾಗೆ ಹೊರಗೆ ಕೂರುವುದು ಇಲ್ಲ, ಅಡುಗೆಯನ್ನೂ ಮಾಡುತ್ತಾರೆ, ಆದರೆ ಆ ಹೊಸ್ತಿಲು ಮಾತ್ರ ದಾಟುವುದಿಲ್ಲ. ನಾನೂ ಹೊರಗೆ ಕೂತವಳೇ. ಭಕ್ತಿಯಿಂದ ಕೂತದ್ದಲ್ಲ. ಕೂತಾಗ ಯಾರೂ ಕೆಲಸ ಹೇಳುತ್ತಿರಲಿಲ್ಲ, ಸೊಂಟ ನೆಟ್ಟಗಾಗುತ್ತಿತ್ತು, ಅದಕ್ಕೆ.

ಮೊಮ್ಮಗಳು ಆ ದಿನಗಳಲ್ಲಿ ಪ್ಲಗ್ಗಿನ ಬಟನ್ ಒತ್ತಲು ನನ್ನನ್ನೋ ಅವಳ ಅವ್ವನನ್ನೋ ಕೇಳುತ್ತಿದ್ದಳು. ನಾವಿಬ್ಬರೂ ಇಲ್ಲದಿದ್ದರೆ ಗಂಡಸರನ್ನು ಕೇಳಬೇಕು. ಕೇಳಿದರೆ ಇಡೀ ಮನೆಗೆ ಗೊತ್ತಾಗುತ್ತದೆ. ನನ್ನ ಕಿರಿಯ ಮಗ, ಅವಳ ಕಾಕಾ, ಕುರಿ ಕಾಯುವವನು, ಬಾಯಿಗೆ ಬೀಗ ಇಲ್ಲ.

"ಏನವಾ, ಈ ಸಲಾ ಗಾಡಿನೂ ಹೊರಗ ಕುಂತೈತೇನ?" ಎಂದು ಅಂಗಳದಲ್ಲಿ ಎಲ್ಲರ ಮುಂದೆ ಕೇಳಿದ.

ಅವಳು ತಲೆ ತಗ್ಗಿಸಲಿಲ್ಲ. "ಹೌದ್ರಿ ಕಾಕಾ. ನೀವು ಒಳಗ ಹೋಗಿ ಬಟನ್ ಒತ್ತರಿ, ಅದ ಒಳಗ ಬರತೈತಿ" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಆ ಮಾತು ಅವನಿಗೆ ನಾಟಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಈ ಸಲದ ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬಂತು. ಜೋಳ ಕೊಯ್ದ ಹೊಲಗಳಲ್ಲಿ ಬೇರು ಉಳಿದದ್ದು ಚಿಗುರಿತು. ಅದಕ್ಕೆ ನಾವು ಕೂಳೆ ಎನ್ನುತ್ತೇವೆ. ಒಣಗಿದ ನೆಲದಲ್ಲಿ ಹಸಿರು ಕಂಡರೆ ಕುರಿ ಬಿಡುವುದಿಲ್ಲ. ಆದರೆ ಎಳೆಯ ಕೂಳೆ ವಿಷ. ತಿಂದ ಕುರಿ ನಿಂತಲ್ಲೇ ನಡುಗಿ, ಬಾಯಲ್ಲಿ ನೊರೆ ಬಂದು, ನೀರು ತರುವುದರೊಳಗೆ ಬಿದ್ದುಬಿಡುತ್ತದೆ. ನಮ್ಮ ಜಾತಿಯಲ್ಲಿ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಕಿರಿಯ ಮಗ ಮಧ್ಯಾಹ್ನ ಮೊಬೈಲು ನೋಡುತ್ತ ಗಿಡದ ಬುಡಕ್ಕೆ ಮಲಗಿದ್ದ. ಹಿಂಡು ಕೂಳೆಗೆ ಬಿತ್ತು. ಮರಿಗಳು ಸತ್ತವು, ಒಂದು ಒಳ್ಳೆಯ ಟಗರೂ ಸತ್ತಿತು. ನಾನು ಹೋಗಿ ನೋಡಿದೆ. ಟಗರಿನ ಹಲ್ಲಿನ ಸಂದಿಯಲ್ಲಿ ಹಸಿರು ಎಲೆ ಇನ್ನೂ ಸಿಕ್ಕಿಕೊಂಡಿತ್ತು.

ಮನೆಗೆ ಬಂದು ಅವನು ಹೇಳಿದ್ದೇನು ಗೊತ್ತೇ. ನಮ್ಮ ಮನೆದೇವರು ಬೀರೋಬಾ ಮುನಿದಿದ್ದಾನೆ ಎಂದ. ದೇವರ ಗೋಡೆಗೆ ವಿಟಾಳದ ವೈರು ಹಚ್ಚಿದ್ದೀರಿ, ದೇವರು ಕುರಿ ಮೇಲೆ ತೀರಿಸಿಕೊಂಡ ಎಂದ. ವಿಟಾಳ ಎಂದರೆ ಮೈಲಿಗೆ. ತನ್ನ ನಿದ್ದೆಯನ್ನು ಮುಚ್ಚಿಕೊಳ್ಳಲು ಅಣ್ಣನ ಮಗಳ ಮೈಯನ್ನು ತಂದು ಮುಂದೆ ಇಟ್ಟ. ನಾನು ಹೆತ್ತವನು.

ಹಿರಿಯ ಮಗ ಅದನ್ನು ನಂಬಿದ. ಅಥವಾ ನಂಬುವುದು ಅವನಿಗೆ ಸಸಾರ ಅನ್ನಿಸಿತು. ತಮ್ಮನ ಜೊತೆ ಜಗಳ ಆಡುವುದಕ್ಕಿಂತ ಮಗಳ ವೈರು ಕೀಳುವುದು ಸಸಾರವಲ್ಲವೇ.

ಆ ವಾರ ಅವಳ ಆ ದಿನಗಳೇ ನಡೆದಿದ್ದವು. ಎರಡು ದಿನ ಓಡಿ ಗಾಡಿ ಬರಿದಾಗಿತ್ತು. ಸಂಜೆ ನನ್ನ ಸೊಸೆ ಒಳಗೆ ಹೋಗಿ ಪ್ಲಗ್ಗು ಹಚ್ಚಿದ್ದಳು. ಮುಂಜಾನೆ ನೋಡಿದರೆ ವೈರು ಸುತ್ತಿ ಹೊರಗಿನ ಮೊಳೆಗೆ ನೇತು ಹಾಕಿತ್ತು. ಹಾಕಿದವನು, ಅವಳ ಅಪ್ಪ, ಹೊದ್ದುಕೊಂಡು ಮಲಗಿದ್ದ. ಮೊಮ್ಮಗಳು ಆ ವೈರನ್ನು ನೋಡಿದಳು, ಗಾಡಿಯ ಪರದೆಯನ್ನು ನೋಡಿದಳು. ಉಳಿದ ಚೂರು ಚಾರ್ಜಿನಲ್ಲಿ ಮೆಲ್ಲಗೆ ಹೊರಟಳು. ಕಾರಖಾನೆಯಲ್ಲಿ ಹಚ್ಚಲು ಬಿಡುವುದಿಲ್ಲ, ಹೆದ್ದಾರಿಯಲ್ಲಿರುವ ಚಾರ್ಜಿಂಗ್ ಜಾಗದ ಮೂತಿ ಇವಳ ಗಾಡಿಗೆ ಕೂರುವುದಿಲ್ಲ. ಅದೆಲ್ಲ ಗೊತ್ತಿದ್ದೂ ಹೊರಟಳು, ಮನೆಯಲ್ಲಿ ಕೂರುವುದು ಆಗುವುದಿಲ್ಲವೆಂದು.

ಕುಂಭಾರಿ ಮುಟ್ಟುವ ಮೊದಲೇ ಗಾಡಿ ನಿಂತಿತು. ನೂಕಿಕೊಂಡು ಹೋಗಿ ಚಹಾದಂಗಡಿಯಲ್ಲಿ ಬಿಟ್ಟು, ತರಕಾರಿ ಟೆಂಪೊ ಹತ್ತಿ, ತಡವಾಗಿ ಮುಟ್ಟಿದಳು. ಹೊಟ್ಟೆ ನೋವಿನ ದಿನ ಆ ಭಾರ ನೂಕಿದ್ದಾಳೆ. ಸಂಜೆ ಗಾಡಿಯನ್ನು ಇನ್ನೊಂದು ಟೆಂಪೊದಲ್ಲಿ ಹೇರಿಕೊಂಡು ಬಂದಳು. ನಾನು ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದೆ.

"ಏನಂದ್ರು?" ಎಂದೆ.

"ಇನ್ನೊಂದ ಸಲಾ ಹಿಂಗಾತಂದ್ರ ಬರೂದ ಬ್ಯಾಡ, ಮನ್ಯಾಗ ಇರು ಅಂದ್ರು, ಆಯಿ."

"ನೀ ಏನಂದಿ?"

"ಗಾಡಿ ಕೆಟ್ಟಿತ್ತು ಅಂದೆ. ಮತ್ತೇನ ಹೇಳ್ಲಿ? ನಮ್ಮ ದೇವರು ಚಾರ್ಜ್ ಕೊಡ್ಲಿಲ್ಲ ಅಂತ ಹೇಳ್ಲೇನ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅವಳನ್ನು ಸುಮ್ಮನಿರಿಸುವ ಕೆಲಸವಾದರೂ ಇರುತ್ತಿತ್ತು. ಅಳದಿದ್ದುದಕ್ಕೆ ಸಿಟ್ಟೆಲ್ಲ ನನ್ನಲ್ಲೇ ಉಳಿಯಿತು. ಅವಳ ಆ ದಿನಗಳಲ್ಲಿ ಎರಡು ಇನ್ನೂ ಬಾಕಿ ಇದ್ದವು. ನಾಳೆ ಗಾಡಿ ಹೋಗದಿದ್ದರೆ ಕೆಲಸ ಹೋಯಿತು. ಕೆಲಸ ಹೋದರೆ ಮುಂದೇನು ಎಂದು ನನಗೆ ಗೊತ್ತು. ವರ ನೋಡಲು ಶುರು ಮಾಡುತ್ತಾರೆ. ಕಾಕಾನ ಕಡೆಯ ಒಬ್ಬ ಈಗಾಗಲೇ ಬಂದು ಚಹಾ ಕುಡಿದು ಹೋಗಿದ್ದ.

ಮಕ್ಕಳಿಬ್ಬರೂ ಹೊಲದಿಂದ ಬಂದರು. ಕೈಕಾಲು ತೊಳೆಯಲೂ ಬಿಡಲಿಲ್ಲ.

"ವೈರ್ ಯಾಕ ತಗದಿ?" ಎಂದೆ ಹಿರಿಯನಿಗೆ.

"ಯವ್ವಾ, ನಿನಗ ತಿಳೀದ ಮಾತೇನ? ಆಕಿ ಆ ದಿವಸದಾಗ ಗಾಡಿ ಮ್ಯಾಲ ಕುಂಡ್ರತಾಳ. ಗಾಡಿಗೆ ವೈರ್, ವೈರ್ ದೇವರ ಗ್ವಾಡಿಗೆ. ವಿಟಾಳ ನೆಟ್ಟಗ ಒಳಗ ಬರತೈತಿ."

"ಕರೆಂಟ್ ಒಳಗಿಂದ ಹೊರಗ ಹೋಗತೈತೋ, ಹೊರಗಿಂದ ಒಳಗ ಬರತೈತೋ?"

ಅವನು ತಮ್ಮನ ಮುಖ ನೋಡಿದ. ತಮ್ಮ ಗೋಡೆಗೆ ಒರಗಿ ತಂಬಾಕು ತಿಕ್ಕುತ್ತಿದ್ದ. "ಕರೆಂಟ್ ಹೊರಗ ಹೋಗತೈತಿ, ವಿಟಾಳ ಒಳಗ ಬರತೈತಿ. ಡಬಲ್ ಲೈನ್ ಐತಿ ಯವ್ವಾ ಅದು" ಎಂದ.

"ಹಂಗಾದ್ರ ಊರಾಗಿನ ಎಲ್ಲಾ ಮನಿ ವೈರೂ ಒಂದ ಕರೆಂಟ್ ಡಿಪಿಗೆ ಅದಾವ. ಇವತ್ತ ಯಾರ ಮನ್ಯಾಗ ಯಾರು ಹೊರಗದಾರ, ಮನಿ ಮನಿ ಹೋಗಿ ಕೇಳ್ಕೊಂಡ ಬಾ. ಆಮ್ಯಾಲ ದೇವರ ಮುಂದಿನ ಬಲ್ಬ್ ಹಚ್ಚು."

"ಅದ ಬ್ಯಾರೆ ಯವ್ವಾ."

"ಹೆಂಗ ಬ್ಯಾರೆ?"

ಹಿರಿಯವನು ನಡುವೆ ಬಂದ. "ಮರಿ ಸತ್ತಾವಲ್ಲ, ಅದಕ್ಕೇನಂತಿ?"

"ಮರಿ ಸತ್ತದ್ದು ಕೂಳಿ ತಿಂದು. ನಿನ್ನ ತಮ್ಮ ಗಿಡದ ಬುಡಕ ಮಕ್ಕೊಂಡಿದ್ದ. ಟಗರಿನ ಬಾಯಾಗ ಎಲಿ ಇತ್ತು, ನಾ ನೋಡೀನಿ. ದೇವರಿಗೆ ಸಿಟ್ಟ ಬಂದ್ರ ಕೂಳಿ ತಿನಸತಾನೇನ?"

ಕಿರಿಯವನು ತಂಬಾಕು ಉಗುಳಿದ. "ಕುರಿ ಬಾಯಿಗೆ ನಾ ಬೀಗ ಹಾಕ್ಲೇನ?" ಎಂದ.

"ನಿನ್ನ ಬಾಯಿಗ ಹಾಕ್ಕೊ."

ಒಳಗೆ ಸೊಸೆ ರೊಟ್ಟಿ ಬಡಿಯುವುದು ನಿಲ್ಲಿಸಿದ್ದಳು. ಹಿರಿಯವನು ಧ್ವನಿ ಸಣ್ಣದು ಮಾಡಿದ. "ದಿವಾಳಿ ಹಬ್ಬ ಆದ ಮ್ಯಾಲ ಬ್ಯಾರೆ ಗ್ವಾಡಿಗೆ ಪ್ಲಗ್ ಹಾಕ್ಸೂನು ಬಿಡು. ಅಲ್ಲಿ ತನಕಾ ಆಕಿ ಆ ದಿವಸ ರಜಾ ಹಾಕ್ಲಿ."

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿದ ಮಾತು. ಇನ್ನೊಂದು ಗೋಡೆ ಕೊರೆಸಿದರೆ ಆ ಸುಳ್ಳು ಖರೇ ಆದ ಹಾಗೆ. ನಾಳೆ ಆ ಗೋಡೆಗೂ ಒಂದು ಕಾರಣ ಹುಟ್ಟುತ್ತದೆ. ಮೇಲಾಗಿ ದಿವಾಳಿಯ ತನಕ ಯಾರು ಅವಳ ಮೇಜನ್ನು ಖಾಲಿ ಇಟ್ಟುಕೊಂಡು ಕಾಯುತ್ತಾರೆ?

"ನೀ ಎಲ್ಲಿ ಹುಟ್ಟೀಯೋ?" ಎಂದು ಹಿರಿಯನನ್ನು ಕೇಳಿದೆ.

"ಅದ್ಯಾಕ ಈಗ?"

"ಹೇಳು."

"ಮಂಗಳವೇಢೆ ಕಡೆ. ಹೊಲದಾಗ."

"ಹೊಲದಾಗ. ಕುರಿ ತರುಬಿದ ಹೊಲದಾಗ, ಕಂಬಳಿ ಅಡ್ಡ ಕಟ್ಟಿ. ನಿಮ್ಮಪ್ಪ ನೀರು ಕಾಸಾಕ ಹೋಗಿದ್ದ. ಕುದುರಿ ಮ್ಯಾಲಿಂದ ದೇವರ ಗಂಟು ಇಳಿಸಿ ನನ್ನ ತಲಿ ಹತ್ರ ಇಟ್ಟಿದ್ರು, ಬ್ಯಾರೆ ಜಾಗ ಇರಲಿಲ್ಲಂತ. ಆ ದೇವರಽ ಇದು. ನಿನ್ನ ಹುಟ್ಟೂ ನೋಡೈತಿ, ನನ್ನ ರಕ್ತಾನೂ ನೋಡೈತಿ. ಮರದಿನಾ ಅದ ಕುದುರಿ ಮ್ಯಾಲ ದೇವರು ಮುಂದ, ನಿನ್ನ ಎತ್ಕೊಂಡು ನಾ ಹಿಂದ. ಆ ವರ್ಷ ಒಂದ ಮರಿನೂ ಸಾಯಲಿಲ್ಲ."

ಕಿರಿಯವನು, "ಆಗ ಮನಿ ಇರಲಿಲ್ಲ ಯವ್ವಾ, ಈಗ ಸ್ಲ್ಯಾಬಿನ ಮನಿ ಐತಿ. ದೇವರಿಗೂ ಖೋಲಿ ಬಂತು, ಖೋಲಿ ಬಂದ ಮ್ಯಾಲ ಕಾನೂನು ಬಂತು" ಎಂದ. ತಮಾಷೆಗೆ ಅಂದದ್ದು. ಆದರೆ ಅವನು ಜನ್ಮದಲ್ಲಿ ಆಡಿದ ಒಂದೇ ಖರೇ ಮಾತು ಅದು. ನನಗೆ ದಾರಿ ಕಂಡಿತು.

ಎದ್ದು ಸೀದಾ ದೇವರ ಖೋಲಿಗೆ ಹೋದೆ. ನನ್ನದು ನಿಂತು ಎಷ್ಟೋ ವರ್ಷವಾಯಿತು, ನನಗೆ ಅಡ್ಡ ಬರುವ ಬಾಯಿ ಊರಲ್ಲೇ ಇಲ್ಲ. ನಮ್ಮ ದೇವರೆಂದರೆ ಬೆಳ್ಳಿಯ ಸಣ್ಣ ತಗಡುಗಳು, ಒಂದು ಭಂಡಾರದ, ಅಂದರೆ ಅರಿಶಿನದ ಪುಡಿಯ ಚೀಲ, ಒಂದು ಬೆತ್ತ. ಅಷ್ಟನ್ನೂ ನನ್ನ ಕಂಬಳಿಯಲ್ಲಿ ಸುತ್ತಿ ತಲೆ ಮೇಲೆ ಇಟ್ಟುಕೊಂಡೆ. ಹೊರಗೆ ಬಂದೆ. ಕುರಿ ದೊಡ್ಡಿಯ ಪಕ್ಕದಲ್ಲಿ ಒಂದು ತಗಡಿನ ಮಾಡು ಇದೆ, ಮಳೆಗಾಲದಲ್ಲಿ ಎಳೆ ಮರಿಗಳನ್ನು ಇಡುವುದು. ಅದರ ಗೋಡೆಯಲ್ಲಿ ಒಂದು ಗೂಡು ಇದೆ. ಗೂಡು ಒರೆಸಿ ಕಂಬಳಿ ಹಾಸಿ ದೇವರನ್ನು ಕೂರಿಸಿದೆ, ಭಂಡಾರ ಹಚ್ಚಿದೆ. ಕುರಿಗಳು ಕತ್ತೆತ್ತಿ ನೋಡಿ ಮತ್ತೆ ಮೆಲುಕು ಹಾಕಿದವು.

ಹಿರಿಯವನು ಹಿಂದೆಯೇ ಓಡಿ ಬಂದ. "ದೇವರನ್ನ ಹೊರಗ ಹಾಕ್ದಿ?"

"ಹೊರಗ ಹಾಕಿಲ್ಲ. ಅವನ ಮನಿಗೆ ಕರಕೊಂಡ ಬಂದೀನಿ. ಕುರಿ ಸಾಯ್ತಾವ ಅಂದ್ಯಲ್ಲ, ಇಲ್ಲೇ ಕುಂತ ಕಾಯ್ಲಿ. ನಿನ್ನ ತಮ್ಮ ಅಂತೂ ಕಾಯೂದಿಲ್ಲ."

"ಮಂದಿ ಏನಂತಾರ?"

"ಕುರಿ ದೇವರು ಕುರಿ ಹತ್ರ ಇರತಾನ ಅಂತಾರ."

ಅವನು ದೇವರನ್ನು ಎತ್ತಿ ಮತ್ತೆ ಒಳಗೆ ಒಯ್ಯಬಹುದಿತ್ತು. ಕೈ ಮುಂದೆ ಮಾಡಿದ, ಹಿಂದೆ ತೆಗೆದುಕೊಂಡ. ಕೂರಿಸಿದ ದೇವರನ್ನು ಅದೇ ಹೊತ್ತಿಗೆ ಎಬ್ಬಿಸುವುದು ನಮ್ಮಲ್ಲಿ ಇಲ್ಲ. ಅದು ನನಗೂ ಗೊತ್ತಿತ್ತು, ಅದಕ್ಕೇ ಭಂಡಾರ ಹಚ್ಚಿದ್ದು.

ವಾಪಸು ಬಂದು ಮೊಮ್ಮಗಳಿಗೆ, ಮೊಳೆಯಿಂದ ವೈರು ತಗೊಂಡು ಹೋಗಿ ಹಚ್ಚು ಎಂದೆ. ಅವಳು ವೈರು ತಗೊಂಡಳು, ಕಿಟಕಿಯಿಂದ ತೂರಿಸಿದಳು, ಒಳಗಿನಿಂದ ಎಳೆದುಕೊಳ್ಳಲು ಬಂದವಳು ಖೋಲಿಯ ಹೊಸ್ತಿಲಲ್ಲಿ ನಿಂತುಬಿಟ್ಟಳು. ಹೆದ್ದಾರಿಯಲ್ಲಿ ಟ್ರಕ್ಕುಗಳ ನಡುವೆ ಗಾಡಿ ಓಡಿಸುವ ಹುಡುಗಿ. ಕಾಲು ಎತ್ತಲಿಲ್ಲ. ಮಕ್ಕಳ ಮೇಲೆ ಬಂದ ಸಿಟ್ಟಿಗಿಂತ ದೊಡ್ಡ ಸಿಟ್ಟು ನನಗೆ ಆಗ ಬಂತು.

"ಆಯಿ, ಇನ್ನಾ ಎರಡ ದಿನಾ ಅದಾವ" ಎಂದಳು.

"ಒಳಗ ಏನೈತಿ ಈಗ? ಗ್ವಾಡಿ ಐತಿ, ಪ್ಲಗ್ ಐತಿ. ಗ್ವಾಡಿಗೆ ಅಂಜತಿಯೇನ?"

ಅವಳು ಅವ್ವನ ಮುಖ ನೋಡಿದಳು. ನನ್ನ ಸೊಸೆ ಗಂಡನ ಎದುರು ಬಾಯಿ ಬಿಟ್ಟವಳಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಗಂಡನೂ ಅಂಗಳದಲ್ಲಿ ನಿಂತಿದ್ದ.

"ಹೋಗವಾ, ರೊಟ್ಟಿ ಆರತಾವ" ಎಂದಳು ಸೊಸೆ. ಅಷ್ಟೇ ಅಂದದ್ದು.

ಮೊಮ್ಮಗಳು ಒಳಗೆ ಹೋಗಿ ಪ್ಲಗ್ಗು ಹಚ್ಚಿದಳು. ಹಸಿರು ದೀಪ ಹತ್ತಿತು. ಕುರಿ ದೊಡ್ಡಿಯಲ್ಲಿ ಯಾವ ಕುರಿಯೂ ಬೀಳಲಿಲ್ಲ.

ಮರುದಿನ ಅವಳು ಪಾಳಿಗೆ ವೇಳೆಗೆ ಮುಟ್ಟಿದಳು. ಕೆಲವು ದಿನ ಶಿಕ್ಷೆಗೆಂದು ಮಡಚುವ ಕೆಲಸಕ್ಕೆ ಹಾಕಿದ್ದರಂತೆ, ಆಮೇಲೆ ಅವಳ ಮೇಜು ಅವಳಿಗೆ ಸಿಕ್ಕಿತು. ಅವಳ ಕಣ್ಣು ಬೇರೆಯವರಿಗಿಲ್ಲ, ಬೇಕಾಗಿತ್ತು, ಕೊಟ್ಟರು. ಅಲ್ಲಿಂದ ಮುಂದೆ ಯಾವ ತಿಂಗಳೂ ತಪ್ಪಿಸಿಲ್ಲ. ಚಹಾ ಕುಡಿದು ಹೋದ ವರನ ಮನೆಯವರು ಮತ್ತೆ ಬಂದಿದ್ದರು. ಹುಡುಗಿ ಪಾಳಿಗೆ ಹೋಗಿದ್ದಾಳೆ ಎಂದು ಹೇಳಿ ಕಳಿಸಿದೆ. ಚಹಾ ಕೊಡಲಿಲ್ಲ.

ಹಿರಿಯ ಮಗ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಆದರೆ ದಿನಾ ಮುಂಜಾನೆ ಪೂಜೆಗೆ ದೊಡ್ಡಿಯ ಮಾಡಿಗೆ ಹೋಗುತ್ತಾನೆ. ಹಿಕ್ಕೆ ತುಳಿದು ಹೋಗಬೇಕಲ್ಲ, ಅದಕ್ಕೆ ಮೊದಲು ತಾನೇ ಕಸಬರಿಗೆ ಹಿಡಿದು ಗುಡಿಸುತ್ತಾನೆ. ದೊಡ್ಡಿ ಈಗಿರುವಷ್ಟು ಸ್ವಚ್ಛ ಹಿಂದೆಂದೂ ಇರಲಿಲ್ಲ. ಹೋದವನು ಕುರಿಗಳ ಬಾಯಿ ಕಾಲು ನೋಡಿಯೇ ಬರುತ್ತಾನೆ. ತಮ್ಮನ ಮೇಲೆ ಬಿಟ್ಟಿಲ್ಲ.

ತಮ್ಮ ಮೊನ್ನೆ ತೊಗರಿಗೆ ಔಷಧ ಹೊಡೆಯಲು ಬ್ಯಾಟರಿ ಪಂಪು ತಂದ. ಬೆನ್ನಿಗೆ ಕಟ್ಟಿಕೊಳ್ಳುವುದು. ಅದರ ಚಾರ್ಜರ್ ಹಿಡಿದುಕೊಂಡು, ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು, ಆ ಖೋಲಿಗೆ ಸೀದಾ ಹೋಗುತ್ತಿದ್ದ. ದೇವರಿಲ್ಲದ ಮೇಲೆ ಅವನಿಗೆ ಅದೊಂದು ಗೋದಾಮು. ಒಳಗೆ ಗಾಡಿಯ ವೈರು ಹಚ್ಚಿತ್ತು.

"ಯವ್ವಾ, ಒಂದ ತಾಸು ತಗೀಲೇನ? ನಾಳೆ ಹೊಡೀಬೇಕ, ಹುಳಾ ಬಿದ್ದಾವ" ಎಂದ.

"ಚಪ್ಪಲಿ ಬಿಡು ಮೊದಲ. ಮನಿ ಅದು."

ಬಿಟ್ಟ.

"ಈಗ ತಗೀಲೇನ?"

"ಗಾಡಿ ತುಂಬಿದ ಮ್ಯಾಲ" ಎಂದೆ. "ಅಲ್ಲಿ ತನಕಾ ಹೊರಗ ಕುಂಡ್ರು."